ಕಚೇರಿಯಲ್ಲಿ ತಪ್ಪು: ದಂಡನೆ, ತಿದ್ದುಪಡಿ ಮತ್ತು ಹೊಣೆಗಾರಿಕೆ

(ಜಿಲ್ಲಾ ಪಂಚಾಯತ್ ಹಾಗೂ ಗ್ರಾಮ ಪಂಚಾಯತಿಗಳ ಅಧಿಕಾರಿ ಮತ್ತು ನೌಕರರ ಆಡಳಿತ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಶಾಖೆಗಳ ಹಾಗೂ ಗ್ರಾಮ ಪಂಚಾಯತಿಗಳ ಸಿಬ್ಬಂದಿಯ ಓದಿಗಾಗಿ ಪ್ರಕಟಿಸಲಾಗಿದೆ.)



‘ನಡೆಯುವವನು ಎಡವದೆ ಕುಳಿತವನು ಎಡವುವನೇ’ ಎಂಬ ಗಾದೆ ಕನ್ನಡ ನಾಡಿನ ಮನೆಮನೆಯಲ್ಲಿ ಬಳಕೆಯಲ್ಲಿದೆ. ನಡೆಯಲು ಕಲಿಯುತ್ತಿರುವ ಮಗು ಬಿದ್ದಾಗ ಹಿರಿಯರು ಈ ಮಾತನ್ನು ಆಡಿ ಅದನ್ನು ಎತ್ತಿ ನಿಲ್ಲಿಸುತ್ತಾರೆ. ಆದರೆ ಅದೇ ಹಿರಿಯರು ಕಚೇರಿಯ ಕುರ್ಚಿಯಲ್ಲಿ ಕುಳಿತಾಗ ಈ ಗಾದೆ ಅವರ ನೆನಪಿಗೆ ಬರುವುದು ಅಪರೂಪ. ಹತ್ತು ಕಡತಗಳನ್ನು ವಿಲೇವಾರಿ ಮಾಡಿ ಒಂದರಲ್ಲಿ ತಪ್ಪಿದ ನೌಕರನಿಗೆ ಕಾರಣ ಕೇಳುವ ನೋಟಿಸು ತಲುಪುತ್ತದೆ. ಹತ್ತರಲ್ಲಿ ಒಂದನ್ನೂ ಮುಟ್ಟದವನ ದಾಖಲೆ ನಿಷ್ಕಳಂಕವಾಗಿ ಉಳಿಯುತ್ತದೆ. ಈ ವ್ಯತ್ಯಾಸವನ್ನು ಹೊಸದಾಗಿ ಸೇವೆಗೆ ಸೇರಿದವರು ಕೆಲವೇ ತಿಂಗಳುಗಳಲ್ಲಿ ಗ್ರಹಿಸುತ್ತಾರೆ. ಯಾವ ತರಬೇತಿ ಸಂಸ್ಥೆಯೂ ಕಲಿಸದ ಈ ಪಾಠ ಅವರ ಮುಂದಿನ ಸೇವಾವಧಿಯನ್ನೆಲ್ಲ ರೂಪಿಸುತ್ತದೆ.

ತಪ್ಪನ್ನು ಕಚೇರಿಯು ಹೇಗೆ ಕಾಣುತ್ತದೆ ಎಂಬುದು ನೌಕರರ ಮನೋಬಲಕ್ಕೆ ಮಾತ್ರ ಸಂಬಂಧಿಸಿದ ವಿಷಯವೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಅದರ ಫಲವನ್ನು ಉಣ್ಣುವವರು ಗ್ರಾಮದ ಜನರು. ಪ್ರಾಮಾಣಿಕವಾಗಿ ನಡೆದ ತಪ್ಪನ್ನು ದಂಡಿಸುವ ಕಚೇರಿಯಲ್ಲಿ ತಪ್ಪುಗಳು ಕಡಿಮೆಯಾಗುವುದಿಲ್ಲ. ತಪ್ಪುಗಳ ಸುದ್ದಿ ಮಾತ್ರ ಕಡಿಮೆಯಾಗುತ್ತದೆ. ಈ ಉಪನ್ಯಾಸದ ಪ್ರಧಾನ ಪ್ರತಿಪಾದನೆ ಇದೇ ಆಗಿದೆ.

1. ಮುಚ್ಚಿಟ್ಟ ತಪ್ಪಿನ ಬೆಲೆ

ಕುಡಿಯುವ ನೀರಿನ ಪೂರೈಕೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಭಾರತೀಯ ಮಾನಕ ಸಂಸ್ಥೆಯ ಐಎಸ್ 10500 ಮಾನದಂಡದ ಪ್ರಕಾರ 100 ಮಿಲಿಲೀಟರ್ ನೀರಿನ ಮಾದರಿಯಲ್ಲಿ ಇ. ಕೋಲಿ ಸೂಕ್ಷ್ಮಾಣು ಕಂಡುಬರಕೂಡದು. ಕ್ಲೋರಿನೀಕರಣ ಮಾಡಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಈ ಅಂಕಿಗಳನ್ನು ಪ್ರಯೋಗಾಲಯವು ಪರೀಕ್ಷಿಸಿ ವರದಿ ನೀಡುತ್ತದೆ. ಆದರೆ ಚರಂಡಿಯ ಪಕ್ಕದಲ್ಲಿ ಹಾದುಹೋಗುವ ಪೈಪಿನ ಯಾವ ಜೋಡಣೆ ಸೋರುತ್ತಿದೆ, ಅದಕ್ಕೆ ಎಷ್ಟು ದಿನದಿಂದ ರಬ್ಬರ್ ಟ್ಯೂಬು ಸುತ್ತಿದೆ, ಬ್ಲೀಚಿಂಗ್ ಪೌಡರ್ ಯಾವಾಗ ಮುಗಿಯಿತು ಎಂಬುದು ಪ್ರಯೋಗಾಲಯಕ್ಕೆ ತಿಳಿಯುವುದಿಲ್ಲ. ಅದನ್ನು ಬಲ್ಲವನು ನೀರುಗಂಟಿ.

ದಿನದ ಕೆಲವು ಗಂಟೆ ಮಾತ್ರ ನೀರು ಬಿಡುವ ಊರುಗಳಲ್ಲಿ ನೀರು ನಿಂತ ಕೂಡಲೇ ಪೈಪಿನೊಳಗಿನ ಒತ್ತಡ ಕುಸಿಯುತ್ತದೆ. ಆಗ ಸೋರುವ ಜೋಡಣೆಯ ಮೂಲಕ ಹೊರಗಿನ ಕೊಳಕು ನೀರು ಒಳಗೆ ಸೇರಲು ದಾರಿಯಾಗುತ್ತದೆ. ಒಬ್ಬ ನೀರುಗಂಟಿ ಎರಡು ದಿನ ಕ್ಲೋರಿನ್ ಹಾಕಲು ಮರೆತನೆಂದು ಭಾವಿಸೋಣ. ಮೂರನೆಯ ದಿನ ಅವನಿಗೆ ಅದು ನೆನಪಾಗುತ್ತದೆ. ಆಗ ಅವನ ಮುಂದೆ ಎರಡು ದಾರಿಗಳಿವೆ. ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ಕರೆ ಮಾಡಿ, ‘ಸಾರ್, ಎರಡು ದಿನ ಔಷಧಿ ಹಾಕಿಲ್ಲ, ಇವತ್ತು ನೀರು ಬಿಡುವುದು ಬೇಡ’ ಎಂದು ಹೇಳುವುದು ಒಂದು ದಾರಿ. ವಹಿಯಲ್ಲಿ ಎರಡು ದಿನವೂ ಹಾಕಿದ್ದಾಗಿ ಬರೆದು ಸುಮ್ಮನಿರುವುದು ಇನ್ನೊಂದು ದಾರಿ. ಅವನು ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂಬುದು ಅವನ ಒಳ್ಳೆಯತನವನ್ನು ಮಾತ್ರ ಅವಲಂಬಿಸಿಲ್ಲ. ಹಿಂದಿನ ಬಾರಿ ಮೋಟಾರು ಸುಟ್ಟ ವಿಷಯವನ್ನು ತಾನಾಗಿ ಬಂದು ತಿಳಿಸಿದವನಿಗೆ ಆ ಕಚೇರಿಯಲ್ಲಿ ಏನಾಯಿತು ಎಂಬುದನ್ನೂ ಅದು ಅವಲಂಬಿಸಿದೆ. ಅಂದು ನಾಲ್ಕು ಜನರ ಮುಂದೆ ನಿಂದಿಸಿ ಒಂದು ತಿಂಗಳ ವೇತನ ತಡೆಹಿಡಿದಿದ್ದರೆ, ಇಂದು ವಹಿಯಲ್ಲಿ ಸುಳ್ಳು ನಮೂದಾಗುವ ಸಂಭವವೇ ಹೆಚ್ಚು. ವಾಂತಿಭೇದಿ ಪ್ರಕರಣಗಳು ಕಾಣಿಸಿಕೊಂಡ ಮೇಲೆ ಆ ಸುಳ್ಳು ಬಯಲಾಗುತ್ತದೆ. ಆ ವೇಳೆಗೆ ಕೇರಿಯ ಮಕ್ಕಳೂ ವೃದ್ಧರೂ ಆಸ್ಪತ್ರೆಯಲ್ಲಿರುತ್ತಾರೆ.

ಇದಕ್ಕೆ ಪೂರಕವಾದ ಅಧ್ಯಯನವೊಂದು ಉಂಟು. 1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರು ಆಸ್ಪತ್ರೆಗಳ ಶುಶ್ರೂಷಾ ತಂಡಗಳಲ್ಲಿ ಔಷಧ ನೀಡಿಕೆಯ ತಪ್ಪುಗಳನ್ನು ಪರಿಶೀಲಿಸಿದರು. ಉತ್ತಮ ನಾಯಕತ್ವವಿರುವ ತಂಡಗಳಲ್ಲಿ ತಪ್ಪುಗಳು ಕಡಿಮೆ ಇರಬೇಕೆಂಬುದು ಸಹಜ ನಿರೀಕ್ಷೆ. ಆದರೆ ಅಂತಹ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ತಂಡಗಳ ದಾದಿಯರು ತಪ್ಪನ್ನು ಹೇಳಿಕೊಳ್ಳಲು ಅಂಜುತ್ತಿರಲಿಲ್ಲ ಎಂಬುದು ಅದರ ವಿವರಣೆಯಾಗಿತ್ತು. ಆದುದರಿಂದ ವರ್ಷವಿಡೀ ಒಂದೇ ಒಂದು ಲೋಪವೂ ವರದಿಯಾಗದ ಶಾಖೆಯನ್ನು ಕಂಡು ಮೇಲಧಿಕಾರಿಗಳು ಸಂತೋಷಪಡುವ ಮೊದಲು ಒಮ್ಮೆ ಯೋಚಿಸುವುದು ಲೇಸು.

2. ಪಕ್ಕದವರ ತಪ್ಪು ತಿಳಿಯದೆ ಹೋದಾಗ

1974ರ ಡಿಸೆಂಬರ್ 1ರಂದು ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನ ಸಮೀಪ ಟಿಡಬ್ಲ್ಯುಎ ಸಂಸ್ಥೆಯ 514ನೇ ಸಂಖ್ಯೆಯ ವಿಮಾನವು ಇಳಿಯುವ ಸಿದ್ಧತೆಯಲ್ಲಿದ್ದಾಗ ಬೆಟ್ಟಕ್ಕೆ ಅಪ್ಪಳಿಸಿತು. ವಿಮಾನದಲ್ಲಿದ್ದ 92 ಮಂದಿಯೂ ಮೃತಪಟ್ಟರು. ನಿಯಂತ್ರಣಾಧಿಕಾರಿಯು ನೀಡಿದ ಅನುಮತಿಯ ಅರ್ಥವನ್ನು ಅಧಿಕಾರಿಯು ಒಂದು ರೀತಿಯಲ್ಲಿ, ಚಾಲಕರು ಮತ್ತೊಂದು ರೀತಿಯಲ್ಲಿ ಗ್ರಹಿಸಿದ್ದರು. ಕೆಳಗಿಳಿಯಲು ಮಾರ್ಗ ಮುಕ್ತವಾಗಿದೆ ಎಂದು ಭಾವಿಸಿದ ಚಾಲಕರು ಬೆಟ್ಟಕ್ಕಿಂತ ಕೆಳಮಟ್ಟಕ್ಕೆ ಇಳಿದರು.

ಆನಂತರ ತಿಳಿದುಬಂದ ಸಂಗತಿ ಇನ್ನೂ ದುಃಖಕರ. ಸುಮಾರು ಆರು ವಾರಗಳ ಹಿಂದೆ ಬೇರೊಂದು ವಿಮಾನ ಸಂಸ್ಥೆಯ ಚಾಲಕರು ಅದೇ ಸ್ಥಳದಲ್ಲಿ ಅದೇ ಗೊಂದಲಕ್ಕೆ ಒಳಗಾಗಿ ಸ್ವಲ್ಪದರಲ್ಲಿ ಪಾರಾಗಿದ್ದರು. ಅವರು ಅದನ್ನು ತಮ್ಮ ಸಂಸ್ಥೆಗೆ ತಿಳಿಸಿದ್ದರು. ಆ ಸಂಸ್ಥೆಯು ತನ್ನ ಚಾಲಕರನ್ನು ಎಚ್ಚರಿಸಿತ್ತು. ಎಚ್ಚರಿಕೆಯು ಆ ಸಂಸ್ಥೆಯ ಗೋಡೆಯನ್ನು ದಾಟಿ ಇತರರನ್ನು ತಲುಪಿರಲಿಲ್ಲ.

ಈ ದುರಂತದ ತರುವಾಯ, 1976ರಲ್ಲಿ, ವಾಯುಯಾನ ಸುರಕ್ಷತಾ ವರದಿ ವ್ಯವಸ್ಥೆಯು ಜಾರಿಗೆ ಬಂದಿತು. ಅದರ ರಚನೆಯಲ್ಲಿ ಆಡಳಿತಗಾರರು ಗಮನಿಸಬೇಕಾದ ಮೂರು ಅಂಶಗಳಿವೆ. ಮೊದಲನೆಯದಾಗಿ, ವರದಿಯನ್ನು ಸ್ವೀಕರಿಸುವುದು ದಂಡಿಸುವ ಅಧಿಕಾರವುಳ್ಳ ವಾಯುಯಾನ ಪ್ರಾಧಿಕಾರವಲ್ಲ. ದಂಡಿಸುವ ಅಧಿಕಾರವಿಲ್ಲದ ನಾಸಾ ಸಂಸ್ಥೆಯು ಅದನ್ನು ಸ್ವೀಕರಿಸಿ, ಹೆಸರು ಮತ್ತು ಗುರುತುಗಳನ್ನು ತೆಗೆದುಹಾಕಿ, ಪಾಠವನ್ನು ಮಾತ್ರ ಎಲ್ಲರಿಗೂ ತಿಳಿಸುತ್ತದೆ. ಎರಡನೆಯದಾಗಿ, ಉದ್ದೇಶಪೂರ್ವಕವಲ್ಲದ ಉಲ್ಲಂಘನೆಯನ್ನು 10 ದಿನಗಳೊಳಗೆ ತಾನಾಗಿ ತಿಳಿಸಿದವರಿಗೆ, ನಿಗದಿತ ಷರತ್ತುಗಳಿಗೆ ಒಳಪಟ್ಟು, ದಂಡನೆಯಿಂದ ವಿನಾಯಿತಿ ದೊರೆಯುತ್ತದೆ. ಮೂರನೆಯದಾಗಿ, ಅಪರಾಧ ಕೃತ್ಯಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ದಯೆ ಮತ್ತು ಕಟ್ಟುನಿಟ್ಟು ಎರಡಕ್ಕೂ ಒಂದೇ ವ್ಯವಸ್ಥೆಯಲ್ಲಿ ಸ್ಥಾನ ನೀಡಬಹುದೆಂಬುದಕ್ಕೆ ಇದು ನಿದರ್ಶನ.

ಪಂಚಾಯತಿಗಳ ಲೆಕ್ಕ ತಪಾಸಣಾ ವರದಿಗಳನ್ನು ಓದುವವರಿಗೆ ಈ ಕಥೆ ದೂರದ್ದೆಂದು ತೋರಲಾರದು. ಒಂದು ಗ್ರಾಮ ಪಂಚಾಯತಿಯಲ್ಲಿ ಕಂಡ ಆಕ್ಷೇಪಣೆಯೇ ನೆರೆಯ ಪಂಚಾಯತಿಯಲ್ಲಿಯೂ ಮರುವರ್ಷ ಕಾಣಿಸಿಕೊಳ್ಳುವುದುಂಟು. ಪ್ರತಿಯೊಂದು ಕಚೇರಿಯೂ ತನ್ನ ಅನುಪಾಲನಾ ವರದಿಯನ್ನು ತಾನು ಬರೆದು, ಕಂಡಿಕೆಯನ್ನು ಕೈಬಿಡುವಂತೆ ಕೋರಿ ಕಡತವನ್ನು ಮುಚ್ಚುತ್ತದೆ. ಆ ತಪ್ಪು ಹೇಗೆ ಸಂಭವಿಸಿತು ಎಂಬುದನ್ನು ಪಕ್ಕದ ಕಚೇರಿಗೆ ತಿಳಿಸುವ ಹೊಣೆ ಯಾರದೂ ಆಗಿರುವುದಿಲ್ಲ.

3. ವಿಫಲತೆಯ ದಿನ ಮುಂದೆ ನಿಂತ ಅಧ್ಯಕ್ಷರು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ 1962ರಿಂದ 1981ರವರೆಗೆ ಸೇವೆ ಸಲ್ಲಿಸಿದ ಪ್ರೊ. ಸತೀಶ್ ಧವನ್ ಅವರು 1972ರಿಂದ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಧ್ಯಕ್ಷರೂ ಆಗಿದ್ದರು. ಅವರ ಅವಧಿಯಲ್ಲಿ ದೇಶದ ಮೊದಲ ಉಪಗ್ರಹ ಉಡಾವಣಾ ವಾಹನವಾದ ಎಸ್‌ಎಲ್‌ವಿ-3 ಸಿದ್ಧಗೊಂಡಿತು. ಯೋಜನೆಯ ನಿರ್ದೇಶಕರು ಡಾ. ಎ.ಪಿ.ಜೆ. ಅಬ್ದುಲ್ ಕಲಾಂ. 1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ನಡೆದ ಮೊದಲ ಉಡಾವಣೆಯು ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ದೋಷದಿಂದ ವಿಫಲವಾಗಿ, ವಾಹನವು ಬಂಗಾಳ ಕೊಲ್ಲಿಗೆ ಬಿದ್ದಿತು. ಉಡಾವಣೆಗೆ ಮುನ್ನ ಗಣಕಯಂತ್ರವು ತಡೆಯ ಸೂಚನೆ ನೀಡಿತ್ತೆಂದೂ, ತಜ್ಞರ ಅಭಿಪ್ರಾಯ ಪಡೆದು ಉಡಾವಣೆಯನ್ನು ಮುಂದುವರಿಸುವ ತೀರ್ಮಾನ ತಮ್ಮದಾಗಿತ್ತೆಂದೂ ಕಲಾಂ ಅವರು ಮುಂದೆ ತಮ್ಮ ಭಾಷಣಗಳಲ್ಲಿ ತಿಳಿಸಿದ್ದಾರೆ.

ಅಂದು ಪತ್ರಕರ್ತರನ್ನು ಎದುರಿಸಿ ವಿಫಲತೆಯ ಹೊಣೆಯನ್ನು ವಹಿಸಿಕೊಂಡವರು ಅಧ್ಯಕ್ಷರಾದ ಧವನ್. 1980ರ ಜುಲೈ 18ರಂದು ಅದೇ ಮಾದರಿಯ ವಾಹನವು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಪತ್ರಿಕಾಗೋಷ್ಠಿಯನ್ನು ನಡೆಸುವಂತೆ ಅವರು ಕಲಾಂ ಅವರಿಗೆ ಸೂಚಿಸಿದರು.

ಈ ಪ್ರಸಂಗವನ್ನು ಅನೇಕ ವೇದಿಕೆಗಳಲ್ಲಿ ಹಿರಿಯರ ಔದಾರ್ಯದ ಕಥೆಯಾಗಿ ಹೇಳಲಾಗುತ್ತದೆ. ಅದರ ಇನ್ನೊಂದು ಮುಖದ ಕಡೆಗೆ ಗಮನ ಹೋಗುವುದು ಕಡಿಮೆ. ಎರಡು ಉಡಾವಣೆಗಳ ನಡುವಣ ಅವಧಿಯಲ್ಲಿ ತನಿಖೆ ನಿಲ್ಲಲಿಲ್ಲ. ವಿಜ್ಞಾನಿಗಳು ಸಭೆ ಸೇರಿ ದೋಷದ ಮೂಲವನ್ನು ಬೆದಕಿದರು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಒಂದು ಕವಾಟವು ಸರಿಯಾಗಿ ಮುಚ್ಚದೆ ಆಮ್ಲವು ಸೋರಿಹೋದುದನ್ನು ಪತ್ತೆ ಹಚ್ಚಿದರು. ಮನುಷ್ಯನನ್ನು ಕಾಪಾಡಿದ ಸಂಸ್ಥೆಯು ದೋಷವನ್ನು ಕಾಪಾಡಲಿಲ್ಲ. ಇಲ್ಲಿ ತನಿಖೆ ಮತ್ತು ದಂಡನೆ ಬೇರೆ ಬೇರೆಯಾಗಿಯೇ ಉಳಿದವು. ಹಲವು ಕಚೇರಿಗಳಲ್ಲಿ ಇವೆರಡೂ ಒಂದಾಗಿಬಿಡುತ್ತವೆ: ಹೊಣೆಗಾರನ ಹೆಸರು ದೊರೆತೊಡನೆ ವಿಚಾರಣೆ ಮುಗಿಯುತ್ತದೆ, ಕಾರಣವು ಹಾಗೆಯೇ ಉಳಿಯುತ್ತದೆ.

4. ಎಲ್ಲ ತಪ್ಪುಗಳೂ ಒಂದೇ ಅಲ್ಲ

ತಪ್ಪನ್ನು ಸಹಿಸಬೇಕೆಂದರೆ ಎಲ್ಲವನ್ನೂ ಮನ್ನಿಸಬೇಕೆಂಬ ಅರ್ಥವಲ್ಲ. ಪಂಚಾಯತಿ ಕೆಲಸದಲ್ಲಿ ನಾಲ್ಕು ಬಗೆಯ ತಪ್ಪುಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ.

ಮೊದಲನೆಯದು ಕೈತಪ್ಪು. ಕೂಲಿಕಾರರ ಬ್ಯಾಂಕ್ ಖಾತೆಯ ಸಂಖ್ಯೆಯಲ್ಲಿ ಎರಡು ಅಂಕಿಗಳು ಅದಲು ಬದಲಾಗಿ ಕೂಲಿಯ ಹಣ ಮತ್ತೊಬ್ಬರ ಖಾತೆಗೆ ಹೋಗುವುದು ಇದಕ್ಕೆ ಉದಾಹರಣೆ. ಗಣಕಯಂತ್ರ ನಿರ್ವಾಹಕರನ್ನು ಗದರಿಸುವುದರಿಂದ ಇದು ನಿಲ್ಲುವುದಿಲ್ಲ. ಮತ್ತೊಬ್ಬರು ಪಾಸ್‌ಪುಸ್ತಕವನ್ನು ಎದುರಿಗಿಟ್ಟುಕೊಂಡು ಓದಿ ತಾಳೆ ನೋಡುವ ಕ್ರಮದಿಂದ ನಿಲ್ಲುತ್ತದೆ.

ಎರಡನೆಯದು ವಿವೇಚನೆಯ ತಪ್ಪು. ಭೂವಿಜ್ಞಾನಿಯ ವರದಿಯನ್ನು ಪಡೆದು, ಗ್ರಾಮಸ್ಥರೊಂದಿಗೆ ಚರ್ಚಿಸಿ, ನಿಯಮದಂತೆ ಕೊರೆಸಿದ ಕೊಳವೆಬಾವಿಯಲ್ಲಿ ನೀರು ಬಾರದಿರಬಹುದು. ಕೊರೆಯುವ ಮುನ್ನ ಲಭ್ಯವಿದ್ದ ಮಾಹಿತಿಯ ಆಧಾರದಲ್ಲಿ ತೀರ್ಮಾನ ಸರಿಯಾಗಿತ್ತೇ ಎಂಬುದನ್ನು ಪರಿಶೀಲಿಸಬೇಕು. ಫಲಿತಾಂಶ ತಿಳಿದ ಮೇಲೆ ಯಾರು ಬೇಕಾದರೂ ಜಾಣರಾಗಬಹುದು.

ಮೂರನೆಯದು ನಿರ್ಲಕ್ಷ್ಯ. ಕಾಮಗಾರಿಯ ಸ್ಥಳಕ್ಕೆ ಹೋಗದೆ, ಕಚೇರಿಯಲ್ಲಿ ಕುಳಿತು ಅಳತೆ ಪುಸ್ತಕಕ್ಕೆ ಸಹಿ ಹಾಕುವುದು ಈ ವರ್ಗಕ್ಕೆ ಸೇರುತ್ತದೆ. ಇದಕ್ಕೆ ಹೊಣೆಗಾರಿಕೆ ಇರಲೇಬೇಕು. ಒಬ್ಬ ಇಂಜಿನಿಯರಿಗೆ ಎಷ್ಟು ಪಂಚಾಯತಿಗಳ ಹೊಣೆ ವಹಿಸಲಾಗಿತ್ತು, ವರ್ಷಾಂತ್ಯದ ಬಿಲ್ಲುಗಳಿಗಾಗಿ ಅವರ ಮೇಲೆ ಯಾರು ಒತ್ತಡ ತಂದಿದ್ದರು ಎಂಬುದನ್ನೂ ಜೊತೆಯಲ್ಲಿಯೇ ಕೇಳಬೇಕು.

ನಾಲ್ಕನೆಯದು ದುರುದ್ದೇಶ. ಕೆಲಸಕ್ಕೆ ಬಾರದವರ ಹೆಸರನ್ನು ಹಾಜರಿ ಪಟ್ಟಿಯಲ್ಲಿ ಬರೆದು ಹಣ ಪಡೆಯುವುದನ್ನು ತಪ್ಪೆಂದು ಕರೆಯುವುದೇ ತಪ್ಪು, ಅದು ಅಪರಾಧ. ಅದಕ್ಕೆ ಯಾವ ರಿಯಾಯಿತಿಯೂ ಸಲ್ಲದು.

ಕಾನೂನು ಕೂಡ ಈ ವಿವೇಚನೆಯನ್ನು ಬಲ್ಲದು. ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957, ವಾಗ್ದಂಡನೆಯಿಂದ ಮೊದಲುಗೊಂಡು ಸೇವೆಯಿಂದ ವಜಾ ಮಾಡುವವರೆಗೆ ಶ್ರೇಣೀಕೃತ ದಂಡನೆಗಳನ್ನು ಹೇಳುತ್ತವೆ. ಭಾರತ ಸರ್ಕಾರ ವಿರುದ್ಧ ಜೆ. ಅಹಮದ್ ಪ್ರಕರಣದ 1979ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದಕ್ಷತೆಯ ಕೊರತೆಯಾಗಲಿ, ವಿವೇಚನೆಯ ತಪ್ಪಾಗಲಿ ತಾನಾಗಿಯೇ ದುರ್ನಡತೆಯೆನಿಸದು ಎಂದು ಸ್ಪಷ್ಟಪಡಿಸಿತು. ಆ ಪ್ರಕರಣವು 1960ರಲ್ಲಿ ಅಸ್ಸಾಮಿನ ನೌಗಾಂಗ್ ಜಿಲ್ಲೆಯಲ್ಲಿ ಗಲಭೆಗಳು ನಡೆದಾಗ ಅಲ್ಲಿದ್ದ ಜಿಲ್ಲಾಧಿಕಾರಿಗೆ ಸಂಬಂಧಿಸಿದ್ದು. ಪರಿಣಾಮವು ಘೋರವಾಗಿರುವ ತೀವ್ರ ನಿರ್ಲಕ್ಷ್ಯದ ಮಾತು ಬೇರೆ ಎಂಬುದನ್ನೂ ನ್ಯಾಯಾಲಯವು ಅದೇ ತೀರ್ಪಿನಲ್ಲಿ ಹೇಳಿದೆ. ಭ್ರಷ್ಟಾಚಾರ ತಡೆ ಕಾಯ್ದೆ, 1988ಕ್ಕೆ 2018ರಲ್ಲಿ ಆದ ತಿದ್ದುಪಡಿಯೂ ಇದೇ ದಿಕ್ಕಿನದು. ಸಾರ್ವಜನಿಕ ಹಿತಾಸಕ್ತಿಯಿಲ್ಲದೆ ಮತ್ತೊಬ್ಬರಿಗೆ ಆರ್ಥಿಕ ಲಾಭವಾಯಿತೆಂಬುದನ್ನೇ ಅಪರಾಧವೆನ್ನುತ್ತಿದ್ದ ಭಾಗವನ್ನು ಕೈಬಿಟ್ಟು, ಅಪ್ರಾಮಾಣಿಕ ದುರುಪಯೋಗ ಮತ್ತು ಉದ್ದೇಶಪೂರ್ವಕ ಅಕ್ರಮ ಸಂಪಾದನೆಗೆ ಒತ್ತು ನೀಡಲಾಯಿತು. ಹೀಗೆ ಕಾನೂನು ಉದ್ದೇಶವನ್ನು ಅಳೆಯುವಾಗ ಕಚೇರಿಯು ಕೇವಲ ಫಲಿತಾಂಶವನ್ನು ಅಳೆಯುವುದು ಉಚಿತವಲ್ಲ.

5. ಸಹಿ ಹಾಕದಿರುವುದೂ ಒಂದು ತೀರ್ಮಾನ

ಭಯವು ಕಡತದ ಭಾಷೆಯಲ್ಲಿ ಕಾಣಿಸಿಕೊಳ್ಳುತ್ತದೆ. ‘ಚರ್ಚಿಸಿ’, ‘ಸ್ಪಷ್ಟೀಕರಣ ಪಡೆದು ಮಂಡಿಸಿ’, ‘ಮುಂದಿನ ಆದೇಶಕ್ಕಾಗಿ ಸಲ್ಲಿಸಿದೆ’ ಎಂಬ ಮಾತುಗಳಿಗೆ ನಿಜವಾದ ಉಪಯೋಗವಿರುವ ಸಂದರ್ಭಗಳಿವೆ. ಆದರೆ ಅನೇಕ ವೇಳೆ ಅವು ಹೊಣೆಯನ್ನು ಮತ್ತೊಂದು ಮೇಜಿಗೆ ಸಾಗಿಸುವ ವಾಹನಗಳಾಗುತ್ತವೆ. ಇವುಗಳಲ್ಲಿ ‘ನಿಯಮಾನುಸಾರ ಕ್ರಮ ಕೈಗೊಳ್ಳಿ’ ಎಂಬ ಹಿಂಬರಹಕ್ಕೆ ವಿಶೇಷ ಸ್ಥಾನವಿದೆ. ನಿಯಮ ಯಾವುದು, ಕ್ರಮ ಯಾವುದು ಎಂಬುದನ್ನು ಅದು ಹೇಳುವುದಿಲ್ಲ. ಕೆಲಸ ಸರಿಹೋದರೆ ಮೇಲಿನವರ ಸೂಚನೆಯಂತೆ ನಡೆಯಿತೆಂದೂ, ಕೆಟ್ಟರೆ ಕೆಳಗಿನವರು ನಿಯಮ ಪಾಲಿಸಲಿಲ್ಲವೆಂದೂ ಓದಿಕೊಳ್ಳಲು ಅದು ಅನುಕೂಲಕರವಾಗಿದೆ.

ತೀರ್ಮಾನವಿಲ್ಲದೆ ಉಳಿದ ಕಡತಕ್ಕೂ ಬೆಲೆಯಿದೆ. ವಿಧವೆಯೊಬ್ಬರ ಮನೆಯ ಖಾತೆ ಬದಲಾವಣೆ ಆರು ತಿಂಗಳು ತಡವಾದರೆ ಅವರಿಗೆ ಸಾಲವೂ ಸಿಗದು, ವಸತಿ ಸೌಲಭ್ಯವೂ ತಪ್ಪಬಹುದು. ಈ ನಷ್ಟವು ಯಾವ ಲೆಕ್ಕ ತಪಾಸಣಾ ವರದಿಯಲ್ಲಿಯೂ ಕಂಡಿಕೆಯಾಗಿ ಬರುವುದಿಲ್ಲ. ಕರ್ನಾಟಕವು ಈ ಕೊರತೆಯನ್ನು ಗುರುತಿಸಿ 2011ರ ಸಕಾಲ ಸೇವೆಗಳ ಕಾಯ್ದೆಯ ಮೂಲಕ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳ ಪರಿಹಾರ ವೆಚ್ಚವನ್ನು ಗೊತ್ತುಪಡಿಸಿತು. ಮೊತ್ತವು ಚಿಕ್ಕದು, ಅದರ ಹಿಂದಿನ ತತ್ತ್ವವು ದೊಡ್ಡದು. ಏನೂ ಮಾಡದಿರುವುದೂ ಲೋಪವೇ ಎಂದು ಕಾನೂನು ಒಪ್ಪಿಕೊಂಡಿತು. ಆದರೆ ವಿಳಂಬಕ್ಕೆ ದಂಡ ವಿಧಿಸಿ, ಪ್ರಾಮಾಣಿಕ ತಪ್ಪಿಗೂ ಅಷ್ಟೇ ಕಠಿಣ ದಂಡ ವಿಧಿಸಿದರೆ ನೌಕರನು ಎರಡರ ನಡುವೆ ಸಿಲುಕುತ್ತಾನೆ. ಆಗ ಆತನು ಅರ್ಜಿಯನ್ನು ಅವಧಿಯೊಳಗೆ ತಿರಸ್ಕರಿಸುವ ಸುಲಭ ದಾರಿಯನ್ನು ಹಿಡಿಯುತ್ತಾನೆ. ಹಾಗಾದರೆ ಅಂಕಿಅಂಶ ಸರಿಯಾಗುತ್ತದೆ, ಅರ್ಜಿದಾರರು ಬರಿಗೈಯಲ್ಲಿ ಮರಳುತ್ತಾರೆ.

6. ಸಾಹಸದಿಂದ ಹುಟ್ಟಿದ ಸಂಸ್ಥೆ

ಈ ಸಭೆಯಲ್ಲಿ ನೆರೆದಿರುವ ಎಲ್ಲರೂ ಸೇವೆ ಸಲ್ಲಿಸುತ್ತಿರುವ ಪಂಚಾಯತ್ ವ್ಯವಸ್ಥೆಯೇ ಒಂದು ದೊಡ್ಡ ಸಾಹಸದ ಫಲವೆಂಬುದನ್ನು ಇಲ್ಲಿ ಸ್ಮರಿಸಬೇಕು. ಕರ್ನಾಟಕದ ವಿಧಾನಮಂಡಲವು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾನೂನನ್ನು 1983ರಲ್ಲಿ ರೂಪಿಸಿತು, 1987ರಲ್ಲಿ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದುದು 1993ರ ಏಪ್ರಿಲ್ 24ರಂದು. ಅಂದರೆ ಸಂವಿಧಾನದ ಒತ್ತಾಯವಿಲ್ಲದಿದ್ದಾಗಲೇ ರಾಜ್ಯವು ತನ್ನ ಅಧಿಕಾರವನ್ನು ಜಿಲ್ಲೆಗೂ ಮಂಡಲಕ್ಕೂ ಹಂಚಿಕೊಟ್ಟಿತು. ಇದರ ಹಿಂದೆ ದುಡಿದವರಲ್ಲಿ ಅಂದಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದ ಅಬ್ದುಲ್ ನಜೀರ್ ಸಾಬ್ ಪ್ರಮುಖರು. ಹಳ್ಳಿಹಳ್ಳಿಗೂ ಕೊಳವೆಬಾವಿಗಳನ್ನು ಒದಗಿಸಿದ ಅವರನ್ನು ಜನರು ‘ನೀರ್ ಸಾಬ್’ ಎಂದು ಪ್ರೀತಿಯಿಂದ ಕರೆದರು.

ಆ ವ್ಯವಸ್ಥೆಯಲ್ಲಿ ಕೊರತೆಗಳೂ ಇದ್ದವು. ಉದಾಹರಣೆಗೆ, ತಾಲ್ಲೂಕು ಪಂಚಾಯತ್ ಸಮಿತಿಯು ನೇರವಾಗಿ ಚುನಾಯಿತವಾಗುತ್ತಿರಲಿಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯು ಮೂರೂ ಹಂತಗಳಿಗೆ ಚುನಾಯಿತ ಸಂಸ್ಥೆಗಳನ್ನು ತಂದಿತು. ಮಹಿಳೆಯರಿಗೆ ಮೊದಲು ಇದ್ದ ಶೇಕಡಾ 25ರ ಮೀಸಲಾತಿಯು ಮೂರನೆಯ ಒಂದು ಭಾಗಕ್ಕೆ ಏರಿತು. ಕೊರತೆ ಕಂಡಿತೆಂಬ ಕಾರಣದಿಂದ ಪ್ರಯೋಗವನ್ನು ಕೈಬಿಡಲಿಲ್ಲ. ಪ್ರಯೋಗ ಚೆನ್ನಾಗಿದೆಯೆಂಬ ಅಭಿಮಾನದಿಂದ ಕೊರತೆಯನ್ನು ಮುಚ್ಚಿಡಲೂ ಇಲ್ಲ. ಗ್ರಾಮ ಪಂಚಾಯತಿಯೊಂದು ಕಸ ವಿಂಗಡಣೆಗೋ ನೀರಿನ ಮೀಟರಿಗೋ ಹೊಸ ವಿಧಾನವನ್ನು ಯೋಚಿಸಿದಾಗಲೂ ಇದೇ ಅಳತೆ ಅನ್ವಯಿಸುತ್ತದೆ.

7. ಕಚೇರಿಗಳಲ್ಲಿ ಕೈಗೊಳ್ಳಬಹುದಾದ ಕ್ರಮಗಳು

ಮೇಲಿನ ವಿಚಾರಗಳನ್ನು ಆಚರಣೆಗೆ ತರಲು ಹೊಸ ಅನುದಾನವಾಗಲಿ, ಹೊಸ ಹುದ್ದೆಯಾಗಲಿ ಬೇಕಾಗಿಲ್ಲ.

(1) ತಪ್ಪನ್ನು ತಾನಾಗಿ ತಿಳಿಸಲು ಬಂದ ನೌಕರನನ್ನು ಮೊದಲು ಕೇಳಬೇಕಾದ ಪ್ರಶ್ನೆ, ‘ಜನರಿಗೆ ಆಗುವ ತೊಂದರೆಯನ್ನು ತಡೆಯಲು ಈಗಲೇ ಏನು ಮಾಡಬೇಕು?’ ಎಂಬುದು. ವಿವರಣೆ ಪಡೆಯುವುದು ಆನಂತರದ ಕೆಲಸ.

(2) ವಿಚಾರಣೆಯಲ್ಲಿ ‘ಯಾರು ಮಾಡಿದರು?’ ಎಂಬುದಕ್ಕಿಂತ ಮೊದಲು ‘ಹೇಗೆ ಸಂಭವಿಸಿತು?’ ಎಂದು ಕೇಳಬೇಕು. ಅದೇ ಜಾಗದಲ್ಲಿ ಬೇರೆಯವರಿದ್ದರೂ ಅದೇ ತಪ್ಪು ಆಗುತ್ತಿತ್ತೇ ಎಂಬುದನ್ನು ಪರೀಕ್ಷಿಸಬೇಕು. ಆಗುತ್ತಿತ್ತೆಂದಾದರೆ ದೋಷವಿರುವುದು ಕ್ರಮದಲ್ಲಿ.

(3) ತಾಲ್ಲೂಕು ಮಟ್ಟದ ಮಾಸಿಕ ಸಭೆಯಲ್ಲಿ ಹದಿನೈದು ನಿಮಿಷಗಳನ್ನು ಆ ತಿಂಗಳ ತಪ್ಪುಗಳು ಮತ್ತು ಸ್ವಲ್ಪದರಲ್ಲಿ ತಪ್ಪಿದ ಅನಾಹುತಗಳಿಗೆ ಮೀಸಲಿಡಬಹುದು. ವ್ಯಕ್ತಿಯ ಹೆಸರಾಗಲಿ ಪಂಚಾಯತಿಯ ಹೆಸರಾಗಲಿ ಬೇಡ. ಒಬ್ಬರ ಅನುಭವ ಎಲ್ಲರಿಗೂ ತಲುಪಿದರೆ ಸಾಕು.

(4) ವಿವೇಚನೆಯಿಂದ ತೀರ್ಮಾನ ಕೈಗೊಳ್ಳುವಾಗ ಲಭ್ಯವಿದ್ದ ಮಾಹಿತಿ, ಪರಿಗಣಿಸಿದ ಪರ್ಯಾಯಗಳು ಮತ್ತು ಕಾರಣವನ್ನು ಟಿಪ್ಪಣಿಯಲ್ಲಿ ಅಂದೇ ದಾಖಲಿಸಬೇಕು. ಪ್ರಾಮಾಣಿಕ ನೌಕರನಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. ಮೇಲಧಿಕಾರಿಗಳು ಮೌಖಿಕವಾಗಿ ನೀಡಿದ ಸೂಚನೆಯನ್ನು ಬೇಗನೆ ಬರಹದಲ್ಲಿ ದೃಢಪಡಿಸುವುದು ಅವರ ಘನತೆಗೆ ತಕ್ಕದ್ದು.

(5) ಹೊಸ ವಿಧಾನವನ್ನು ಮೊದಲು ಒಂದು ಊರಿನಲ್ಲಿ ಅಥವಾ ಒಂದು ವಾರ್ಡಿನಲ್ಲಿ, ಗೊತ್ತಾದ ಅವಧಿಗೆ ಮಾತ್ರ ಪ್ರಯೋಗಿಸಬೇಕು. ಯಾವ ಲಕ್ಷಣ ಕಂಡರೆ ಅದನ್ನು ನಿಲ್ಲಿಸಬೇಕು, ನಿಲ್ಲಿಸುವವರು ಯಾರು ಎಂಬುದನ್ನು ಆರಂಭದಲ್ಲಿಯೇ ಬರೆದಿಡಬೇಕು. ಜನರ ಆರೋಗ್ಯ ಮತ್ತು ಜೀವಕ್ಕೆ ಸಂಬಂಧಿಸಿದ ಸುರಕ್ಷತಾ ಕ್ರಮಗಳಲ್ಲಿ ಪ್ರಯೋಗಕ್ಕೆ ಎಡೆಯಿಲ್ಲ.

(6) ತಪ್ಪಿನ ಭಾರವು ಯಾವಾಗಲೂ ಕೆಳಮುಖವಾಗಿ ಹರಿಯುತ್ತದೆ. ಗುತ್ತಿಗೆ ಆಧಾರದ ನಿರ್ವಾಹಕರು, ನೀರುಗಂಟಿ, ಸ್ವಚ್ಛತಾಗಾರರು ಇವರ ಮೇಲೆ ಕ್ರಮ ಪ್ರಸ್ತಾಪಿಸುವ ಮೊದಲು, ಅವರಿಗೆ ಬೇಕಾದ ಸಾಮಗ್ರಿ, ತರಬೇತಿ ಮತ್ತು ಸಮಯವನ್ನು ಕಚೇರಿಯು ಒದಗಿಸಿತ್ತೇ ಎಂಬ ಪ್ರಶ್ನೆಗೆ ಕಡತದಲ್ಲಿ ಉತ್ತರವಿರಬೇಕು.

ಬಂಧುಗಳೇ, ಕಚೇರಿಯ ಸಂಸ್ಕೃತಿಯು ಸುತ್ತೋಲೆಯಿಂದ ಬದಲಾಗುವುದಿಲ್ಲ. ತಪ್ಪು ಮಾಡಿದವನು ಬಾಗಿಲಲ್ಲಿ ನಿಂತು ‘ಸಾರ್, ಒಂದು ವಿಷಯ ಹೇಳಬೇಕಿತ್ತು’ ಎಂದು ತಡವರಿಸುವಾಗ ಕುರ್ಚಿಯಲ್ಲಿರುವವರು ತೋರುವ ಮುಖಭಾವದಿಂದ ಅದು ನಿರ್ಧಾರವಾಗುತ್ತದೆ. ಆ ಮುಖವನ್ನು ನೋಡುವವನು ಅವನೊಬ್ಬನೇ ಅಲ್ಲ. ಹೊರಗಿನ ಬೆಂಚಿನಲ್ಲಿ ಕುಳಿತವರೂ, ಪಕ್ಕದ ಮೇಜಿನವರೂ ನೋಡುತ್ತಿರುತ್ತಾರೆ; ನಾಳೆ ತಾವು ಬಾಯಿ ಬಿಡಬೇಕೇ ಬೇಡವೇ ಎಂಬುದನ್ನು ಅಲ್ಲಿಯೇ ತೀರ್ಮಾನಿಸುತ್ತಾರೆ. ಯಾವುದೋ ಊರಿನ ನೀರಿನ ತೊಟ್ಟಿಯ ಬಳಿ ನಿಂತಿರುವ ನೀರುಗಂಟಿಗೆ ಸತ್ಯ ಹೇಳುವ ಧೈರ್ಯ ಬಂದರೆ ಆ ಊರಿನ ಮಕ್ಕಳು ಆರೋಗ್ಯವಾಗಿರುತ್ತಾರೆ. ಆ ಧೈರ್ಯವನ್ನು ಕೊಡುವುದು ಮೇಲಿನ ಕುರ್ಚಿಯಲ್ಲಿರುವವರ ಕರ್ತವ್ಯ.